ಹೊಸ ದೋಣಿ, ಹಳೇ ದೋಣಿ, ಮತ್ತೆ ಒಂದು ಸಾಲದ ಪುಸ್ತಕ

ಹೋದ ಸಂಚಿಕೆ ಕೇಳಿದವರಿಗೆ ಈ ಕಥೆ ಅರ್ಧ ಗೊತ್ತು. ಮೈಕ್ ಮುಂದೆ ಕೂತು ಮಾತಾಡುವಾಗ ಇಸವಿಗಳು, ಲೆಕ್ಕಗಳು ಜಾರಿ ಹೋಗ್ತವೆ. ಅದಕ್ಕೇ ಉಳಿದರ್ಧವನ್ನು ನಿಧಾನವಾಗಿ ಇಲ್ಲಿ ಬರೀತಿದೀನಿ. ಕೇಳದೇ ಇದ್ದವರೂ ಇಲ್ಲಿಂದಲೇ ಶುರು ಮಾಡಬಹುದು.

ವಿಷಯ ಇಷ್ಟು. ಬಹ್ರೈನ್‌ನಲ್ಲಿರುವ ನಾವು ಮೂವರು ಸೇರಿ ಒಂದು ಹಾಯಿದೋಣಿ ಕೊಳ್ಳೋಣ ಅಂತ ಹೊರಟ್ವಿ. ನಾನು, ಗಂಗೊಳ್ಳಿ ಕಡೆಯ ಒಬ್ಬ ಗೆಳೆಯ, ಜೊತೆಗೆ ನನ್ನ ಆಫೀಸಿನ ಒಬ್ಬ ಬಹ್ರೈನಿ ಸಹೋದ್ಯೋಗಿ. ಹತ್ತು ಮೀಟರ್ ಉದ್ದದ, ಫ್ಯಾಕ್ಟರಿಯಲ್ಲಿ ಒಂದೇ ಅಚ್ಚಿನಿಂದ ನೂರಾರು ತಯಾರಾಗುವ ಜಾತಿಯ ಯಾಟ್. 'ಯಾಟ್' ಅಂದ ಕೂಡಲೇ ಸಿನಿಮಾದ ಶ್ರೀಮಂತರು ನೆನಪಾಗ್ತಾರೆ. ಇದು ಆ ಥರದ್ದಲ್ಲ. ಒಳಗೆ ಎರಡು ಪುಟ್ಟ ಕೋಣೆ, ಒಂದು ಒಲೆ, ನಿಂತರೆ ತಲೆ ತಾಗುವ ಬಚ್ಚಲು, ಅಷ್ಟೇ. ಆದ್ರೂ ಒಬ್ಬೊಬ್ಬನ ಪಾಲಿಗೆ ಊರಲ್ಲಿ ಒಂದು ಸೈಟ್ ಬರುವಷ್ಟು ದುಡ್ಡು.

ಪ್ರಶ್ನೆ ಒಂದೇ ಇತ್ತು. ಹೊಸದನ್ನು ಆರ್ಡರ್ ಮಾಡೋದಾ? ಅಥವಾ ಮೂರು ವರ್ಷ ಓಡಿದ, ಹೆಚ್ಚುಕಮ್ಮಿ ಹೊಸದೇ ಅನ್ನಬಹುದಾದ ಅದೇ ಮಾದರಿಯ ದೋಣಿ ಇಲ್ಲೇ ಮಾರಾಟಕ್ಕಿದೆಯಲ್ಲ, ಅದನ್ನು ತಗೊಳ್ಳೋದಾ?

ನಾನು ಡೇಟಾ ಸೈಂಟಿಸ್ಟ್. ಇಂಥ ಪ್ರಶ್ನೆ ಬಂದ್ರೆ ಮೊದಲು ಸ್ಪ್ರೆಡ್‌ಶೀಟ್ ತೆಗೆಯೋದು ಅಭ್ಯಾಸ. ನಿಜವಾದ ಬೆಲೆ ಬೇಡ, ಕ್ಯಾಟಲಾಗ್‌ನಲ್ಲಿ ಹೊಸ ದೋಣಿಗೆ 100 ಅಂತ ಬರೆದಿದೆ ಅಂದುಕೊಳ್ಳಿ. ಆ ನೂರಕ್ಕೆ ಬರುವ ದೋಣಿಯಲ್ಲಿ ಲಂಗರು ಕೂಡ ಇರಲ್ಲ. ಲಂಗರು, ಸರಪಳಿ, ಒಳ್ಳೆ ಹಾಯಿ, ಆಳ ತೋರಿಸುವ ಯಂತ್ರ, ರೇಡಿಯೋ, ಬಿಸಿಲಿಗೆ ಮೇಲ್ಛಾವಣಿ, ತಳಕ್ಕೆ ಪಾಚಿ ಹಿಡಿಯದ ಬಣ್ಣ, ಇವೆಲ್ಲ ಸೇರಿ ಇನ್ನೊಂದು 18. ಯುರೋಪಿನಿಂದ ತರುವ ಸಾಗಣೆ 9. ಅಲ್ಲಿಗೆ 127. ಅದರ ಮೇಲೆ ಗಲ್ಫ್ ದೇಶಗಳ 5 ಪರ್ಸೆಂಟ್ ಕಸ್ಟಮ್ಸ್, ಅದೆಲ್ಲ ಸೇರಿದ ಮೇಲೆ 10 ಪರ್ಸೆಂಟ್ ವ್ಯಾಟ್ (2019ರಲ್ಲಿ 5 ಇತ್ತು, 2022ರಿಂದ 10 ಆಗಿದೆ). ಕೂಡಿದ್ರೆ ಸುಮಾರು 147. ಮೂರು ವರ್ಷದ ಹಳೆಯದಕ್ಕೆ ಮಾಲೀಕರು ಕೇಳಿದ್ದು 88. ಲಂಗರಿನಿಂದ ಹಿಡಿದು ಚಹಾ ಲೋಟದವರೆಗೆ ಎಲ್ಲ ಅದರಲ್ಲೇ ಇದೆ. ಪರೀಕ್ಷೆ, ಸಣ್ಣಪುಟ್ಟ ರಿಪೇರಿಗೆ 6 ಅಂತ ಇಟ್ಟರೂ 94.

147ಕ್ಕೆ 94. ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ ಅಂತ ನಿಮಗನ್ನಿಸಬಹುದು. ಆದ್ರೆ ಹೊಸದಕ್ಕೆ ವಾರಂಟಿ ಇದೆ, ಜೊತೆಗೆ ಸುಲಭದ ಸಾಲ ಇದೆ. ಹಳೆಯದಕ್ಕೆ ಎರಡೂ ಇಲ್ಲ, ಕೈಯಲ್ಲಿರೋ ದುಡ್ಡು ಎಣಿಸಬೇಕು. ತಿಂಗಳ ಕಂತಿನ ಲೆಕ್ಕದಲ್ಲಿ ನೋಡಿದ್ರೆ ಹೊಸದೇ ಹಗುರ ಅನ್ನಿಸೋದು! ಗಂಗೊಳ್ಳಿಯವನು ಅಂದ: "ಕಂತು ಕಟ್ಟಿದ್ರಾಯ್ತು ಮಾರಾಯ, ಸಂಬಳ ಬರುದಿಲ್ವಾ?" ನಾನೂ ಹೆಚ್ಚುಕಮ್ಮಿ ಅಲ್ಲಿಗೇ ಬಂದಿದ್ದೆ.

ಒಂದು ಪ್ರಶ್ನೆ

ಮುಹರ‍್ರಕ್‌ನಲ್ಲಿ ನನ್ನ ಸಹೋದ್ಯೋಗಿಯ ದೊಡ್ಡಪ್ಪ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ನಾವೆಲ್ಲ ಹಾಜಿ ಅಂತ ಕರೀತೀವಿ. ಅವರ ಅಜ್ಜ ಮುತ್ತಿನ ದೋಣಿಯ ನಾಖುದಾ ಆಗಿದ್ದರು, ಅಂದ್ರೆ ದೋಣಿಯ ಒಡೆಯ, ನಾಯಕ ಎರಡೂ. (ಈ ಶಬ್ದ ನಮಗೆ ಹೊಸದಲ್ಲ. ನಮ್ಮ ಕರಾವಳಿಯಲ್ಲೂ ನಾಖುದಾ ಅನ್ನೋ ಹೆಸರಿನ ಮನೆತನಗಳಿವೆ.) ಒಂದು ಶುಕ್ರವಾರ ಸಂಜೆ ಗಹ್ವಾ ಕುಡೀತಾ ನನ್ನ ಸ್ಪ್ರೆಡ್‌ಶೀಟ್ ಕಥೆಯನ್ನೆಲ್ಲ ಅವರ ಮುಂದೆ ಹರಡಿದೆ. ಹೊಸದಕ್ಕೆ ಇಷ್ಟು, ಹಳೆಯದಕ್ಕೆ ಇಷ್ಟು, ಸವಕಳಿ ಇಷ್ಟು.

ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದ್ರು. "ಅದರಲ್ಲಿ ನಿಮ್ಮದು ಎಷ್ಟು, ಸಾಲದ್ದು ಎಷ್ಟು?"

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಆ ಕಾಲಂ ಇರಲಿಲ್ಲ. ಈ ದ್ವೀಪದ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದ ಕಾಲಂ ಇನ್ನೊಂದಿಲ್ಲ ಅಂತ ಆಮೇಲೆ ಓದುತ್ತಾ ಓದುತ್ತಾ ಗೊತ್ತಾಯ್ತು.

ತೇಗದ ಲೆಕ್ಕ

ಮೊದಲು ದೋಣಿಯ ಕಥೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಜಿ. ಲೊರಿಮರ್ ಗಲ್ಫ್ ಪ್ರದೇಶದ ಒಂದು ಬೃಹತ್ ಗೆಜೆಟಿಯರ್ ಸಿದ್ಧಮಾಡಿದರು. ಅದರ ಪ್ರಕಾರ ಆಗ ಬಹ್ರೈನ್ ಒಂದರಿಂದಲೇ 900ಕ್ಕೂ ಹೆಚ್ಚು ದೋಣಿಗಳು ಮುತ್ತಿಗೆ ಹೋಗ್ತಿದ್ವು. ಅವುಗಳಲ್ಲಿ 17,500ಕ್ಕೂ ಹೆಚ್ಚು ಜನ. ಒಂದು ದೋಣಿಗೆ ಸರಾಸರಿ 19 ಮಂದಿ. ಸಂಬೂಕ್, ಜಲ್ಬೂತ್, ಬತ್ತೀಲ್, ಶೂಯಿ ಅಂತ ತರಹೇವಾರಿ ದೋಣಿಗಳು. ಬೇಸಿಗೆಯ ನಾಲ್ಕು ತಿಂಗಳು, ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ, ಕಡಲಲ್ಲೇ ವಾಸ. ಮೂಗಿಗೆ ಕ್ಲಿಪ್, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ. ದಿನಕ್ಕೆ ಹತ್ತಾರು ಸಲ ಮುಳುಗಿ ಚಿಪ್ಪು ಆರಿಸಿ ತರೋದು.

ಈ ದೋಣಿಗಳಿಗೆ ಮರ ಎಲ್ಲಿಂದ? ಬಹ್ರೈನ್‌ನಲ್ಲಿ ಖರ್ಜೂರದ ಮರ ಬಿಟ್ರೆ ಹಲಗೆ ಕೊಯ್ಯುವಂಥ ಮರ ಇಲ್ಲ. ಹಲಗೆ ಬರ್ತಿದ್ದದ್ದು ನಮ್ಮ ಕಡೆಯಿಂದ. ಅರಬ್ಬಿಯಲ್ಲಿ ತೇಗಕ್ಕೆ 'ಸಾಜ್' ಅಂತಾರೆ, ನಾವು ಸಾಗುವಾನಿ ಅಂತೀವಿ. ಹಲಗೆ ಹೊಲಿಯುತ್ತಿದ್ದ ಕತ್ತದ ಹಗ್ಗವೂ ಪಶ್ಚಿಮ ಕರಾವಳಿಯದ್ದೇ. ಹಿಂದಿನ ಅರಬ್ ಹಡಗುಗಳಲ್ಲಿ ಮೊಳೆ ಇರಲಿಲ್ಲ, ಹಲಗೆಗೆ ಹಲಗೆಯನ್ನು ಕತ್ತದಿಂದ ಹೊಲಿದು ಕಟ್ಟುತ್ತಿದ್ದರು. ಮೊಳೆಯ ಬಳಕೆ ಹೆಚ್ಚಿದ್ದು ಪೋರ್ಚುಗೀಸರು ಬಂದ ಮೇಲೆ.

ತೇಗವೇ ಯಾಕೆ ಅನ್ನೋದು ನಮ್ಮ ಹೊಸ-ಹಳೆ ಪ್ರಶ್ನೆಯ ತಿರುಳು. ಅದರಲ್ಲಿ ಎಣ್ಣೆಯ ಅಂಶ ಇದೆ, ಜೊತೆಗೆ ಮರಳಿನಂಥ ಸಿಲಿಕಾ ಇದೆ. ಕಡಲಲ್ಲಿ ಮರ ಕೊರೆಯುವ ಹುಳ ಬೇರೆ ಮರಗಳನ್ನು ತಿಂದಷ್ಟು ಸಲೀಸಾಗಿ ಇದನ್ನು ತಿನ್ನಲ್ಲ. ಓಕ್ ಮರ ತನ್ನೊಳಗಿನ ಆಮ್ಲದಿಂದ ಕಬ್ಬಿಣದ ಮೊಳೆಯನ್ನು ತುಕ್ಕು ಹಿಡಿಸುತ್ತೆ, ತೇಗ ಹಾಗೆ ಮಾಡಲ್ಲ. ಹೀಗಾಗಿ ಚೆನ್ನಾಗಿ ನೋಡಿಕೊಂಡ ತೇಗದ ದೋಣಿ ಹಳೆಯದಾದ ಮಾತ್ರಕ್ಕೆ ಕೆಟ್ಟದಲ್ಲ. ಇದಕ್ಕೆ ಸಾಕ್ಷಿ ಬೇಕಾದ್ರೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ಗೆ ಹೋಗಿ. ಅಲ್ಲಿ ಎಚ್‌ಎಂಎಸ್ ಟ್ರಿಂಕೊಮಲಿ ಅನ್ನೋ ಯುದ್ಧನೌಕೆ ಇದೆ. ಮಲಬಾರ್ ತೇಗದಿಂದ ಮುಂಬೈ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಹಡಗು. ಇನ್ನೂರು ವರ್ಷ ದಾಟಿದೆ, ಇವತ್ತೂ ತೇಲ್ತಿದೆ.

ಆದ್ರೆ 'ಚೆನ್ನಾಗಿ ನೋಡಿಕೊಂಡ' ಅನ್ನೋದು ಸಣ್ಣ ಮಾತಲ್ಲ. ನೀರಿನ ಮೇಲಿನ ಹಲಗೆಗೆ ಮೀನೆಣ್ಣೆ ಬಳಿಯಬೇಕು. ನೀರಿನೊಳಗಿನ ಭಾಗಕ್ಕೆ ಸುಣ್ಣ, ಕೊಬ್ಬು ಕಲಸಿ ಹಚ್ಚಬೇಕು. ಇಳಿತದ ಹೊತ್ತಲ್ಲಿ ದೋಣಿಯನ್ನು ಮರಳಿನ ಮೇಲೆ ಒರಗಿಸಿ ಹಳೆ ಲೇಪ ಕೆರೆದು ಹೊಸದು ಹಾಕಬೇಕು. ಹಲಗೆ ಸಂದುಗಳಲ್ಲಿ ಎಣ್ಣೆ ಅದ್ದಿದ ಹತ್ತಿ ತುರುಕಬೇಕು. ಒಂದು ವರ್ಷ ತಪ್ಪಿಸಿದ್ರೆ ದೋಣಿ ಅದನ್ನು ಮರೆಯಲ್ಲ. ದೋಣಿ ಕಟ್ಟುವವನಿಗೆ ಇಲ್ಲಿ 'ಗಲ್ಲಾಫ್' ಅಂತಾರೆ. ಕಾಗದದ ಮೇಲೆ ನಕ್ಷೆ ಇಲ್ಲ, ಎಲ್ಲ ಕಣ್ಣಳತೆ, ಕೈಯಳತೆ. ಹಾಗಾಗಿ ಒಂದರಂತೆ ಇನ್ನೊಂದು ದೋಣಿ ಇರ್ತಿರಲಿಲ್ಲ. ಹಳೇ ದೋಣಿ ಕೊಳ್ಳುವವನು ಕೇಳಬೇಕಾದ್ದು 'ಯಾವ ಮಾಡೆಲ್' ಅಂತ ಅಲ್ಲ. ಯಾರು ಕಟ್ಟಿದ್ದು, ಯಾರ ಕೈಯಲ್ಲಿತ್ತು ಅಂತ.

ನಮ್ಮ ದಡದಿಂದ ನೋಡಿದ್ರೆ

ಇಲ್ಲಿ ಸ್ವಲ್ಪ ಹೊತ್ತು ನಮ್ಮ ದಡಕ್ಕೆ ಬರೋಣ. ಕನ್ನಡ ಕರಾವಳಿಗೂ ಈ ಗಲ್ಫ್‌ಗೂ ಇರುವ ನಂಟು ಪಾಸ್‌ಪೋರ್ಟ್, ವೀಸಾದ ಕಾಲಕ್ಕೆ ಶುರುವಾದದ್ದಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ 1149ರವರೆಗೆ ಸುಮಾರು ಹದಿನೇಳು ವರ್ಷ ಮಂಗಳೂರು ಕಡೆ ಇದ್ದ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದಿದವರಿಗೆ ಅವನೂ, ಅವನ ಆಳು ಬೊಮ್ಮನೂ ಪರಿಚಯ. ಕೈರೋದ ಸಿನಗಾಗ್ ಒಂದರ ಕಾಗದದ ಕೋಣೆಯಲ್ಲಿ ಅವನ ಪತ್ರಗಳು ಸಿಕ್ಕಿವೆ. ಅವನದ್ದೊಂದು ಕಂಚು-ಹಿತ್ತಾಳೆ ಕಾರ್ಖಾನೆ ಇತ್ತು. ಏಡನ್‌ನ ವ್ಯಾಪಾರಿಗಳು ಒಡೆದ ಹಳೇ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸ್ತಿದ್ರು, ಇಲ್ಲಿ ಕರಗಿಸಿ ಹೊಸ ಪಾತ್ರೆ ಮಾಡಿ ವಾಪಸ್ ಕಳಿಸೋದು. ಹೊಸದು ಕೊಳ್ಳೋದಾ, ಹಳೆಯದನ್ನೇ ಸರಿಮಾಡಿಸೋದಾ ಅನ್ನೋ ಲೆಕ್ಕ ಅರಬ್ಬಿ ಸಮುದ್ರದ ಎರಡೂ ದಡದಲ್ಲಿ ಒಂಬೈನೂರು ವರ್ಷದ ಹಿಂದೆಯೇ ನಡೀತಿತ್ತು.

ಕೆಳದಿ ನಾಯಕರ ಕಾಲದಲ್ಲಿ ಬಸರೂರು, ಮಂಗಳೂರು ಬಂದರುಗಳಿಂದ ಅಕ್ಕಿ ಮಸ್ಕತ್‌ಗೆ ಹೋಗ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. 1796ರಲ್ಲಿ ಮಂಗಳೂರೂ ಸೇರಿದ ಹಾಗೆ ಕರಾವಳಿಯ ಬಂದರುಗಳಲ್ಲಿ 40 ಯುದ್ಧನೌಕೆ ಕಟ್ಟಿಸುವ ದೊಡ್ಡ ಯೋಜನೆ ಹಾಕಿದ. ಅದು ಪೂರ್ತಿಯಾಗುವ ಮೊದಲೇ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಪಶ್ಚಿಮ ಘಟ್ಟದ ತೇಗದ ಮೇಲೆ ಬ್ರಿಟಿಷರ ಕಣ್ಣು. ಮುಂಬೈ ಡಾಕ್‌ಯಾರ್ಡಿಗೆ ಮರ ಬೇಕಿತ್ತು. ಎಷ್ಟು ಕಡಿದರು ಅಂದ್ರೆ, 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನಲಿ ನಿಲಂಬೂರಿನಲ್ಲಿ ತೇಗ ನೆಡಿಸಬೇಕಾಯ್ತು. ಘಟ್ಟದ ಕಾಡಲ್ಲಿ ತನ್ನಷ್ಟಕ್ಕೆ ಬೆಳೀತಿದ್ದ ಮರವನ್ನು ಸಾಲಾಗಿ ನೆಟ್ಟು ಬೆಳೆಸುವ ಕಾಲ ಬಂತು. ತೇಗ ತುಟ್ಟಿಯಾದಷ್ಟೂ ಹಳೇ ಹಲಗೆಗೂ ಬೆಲೆ ಬಂತು ಅನ್ನೋದನ್ನ ಬೇರೆ ಹೇಳಬೇಕಿಲ್ಲ. ನಮ್ಮೂರಲ್ಲಿ ಹಳೇ ಮನೆ ಕೆಡವಿದಾಗ ಬಾಗಿಲು, ತೊಲೆಗೆ ಜನ ಮುಗಿಬೀಳೋದು ನೋಡಿಲ್ವಾ?

ಈಗಿನ ತಮಾಷೆ ಕೇಳಿ. ನಾವು ನೋಡಿದ ಹೊಸ ಯಾಟ್‌ನ ಡೆಕ್ ನೋಡೋಕೆ ಅಪ್ಪಟ ತೇಗ. ಮುಟ್ಟಿದ್ರೆ ಪ್ಲಾಸ್ಟಿಕ್. ಯುರೋಪಿನ ಯಾಟ್‌ಗಳಿಗೆ ತೇಗ ಬರ್ತಿದ್ದದ್ದು ಮ್ಯಾನ್ಮಾರ್‌ನಿಂದ. 2021ರ ಸೇನಾ ದಂಗೆಯ ಮೇಲೆ ಅಲ್ಲಿನ ಸರಕಾರಿ ಮರದ ಸಂಸ್ಥೆಯ ಮೇಲೆ ಯುರೋಪ್, ಅಮೆರಿಕ ಎರಡೂ ನಿರ್ಬಂಧ ಹಾಕಿದವು.

ಮಾರುವವನಿಗೆ ಗೊತ್ತಿರುವುದು

ಈಗ ಹಳೆಯದನ್ನು ಕೊಳ್ಳುವ ಭಯ. ಇದಕ್ಕೂ ಬಹ್ರೈನ್‌ನಲ್ಲಿ ನಾಲ್ಕು ಸಾವಿರ ವರ್ಷದ ಹಳೇ ದಾಖಲೆ ಉಂಟು. ಆಗ ಈ ದ್ವೀಪ ದಿಲ್ಮುನ್ ನಾಡಿಗೆ ಸೇರಿತ್ತು. ಸಿಂಧೂ ನಗರಗಳ ತೂಕದ ಬಟ್ಟುಗಳೇ ಇಲ್ಲೂ ನಡೀತಿದ್ವು. ಇನ್ನೂ ಹಿಂದೆ, ಕ್ರಿ.ಪೂ. 2500ರ ಸುಮಾರಿಗೆ, ಲಗಶ್‌ನ ದೊರೆ ಊರ್-ನಾನ್ಶೆ ದಿಲ್ಮುನ್ ಹಡಗುಗಳು ತನಗೆ ದೂರದ ನಾಡಿಂದ ಮರ ತಂದವು ಅಂತ ಕಲ್ಲಲ್ಲಿ ಕೆತ್ತಿಸಿದ್ದಾನೆ. ಕ್ರಿ.ಪೂ. 1750ರ ಹೊತ್ತಿಗೆ ಊರ್ ನಗರದಲ್ಲಿ ಈಯಾ-ನಾಸಿರ್ ಅನ್ನೋ ವ್ಯಾಪಾರಿ ದಿಲ್ಮುನ್‌ನಿಂದ ತಾಮ್ರ ತರಿಸಿ ಮಾರ್ತಿದ್ದ. ಅವನಿಗೆ ನನ್ನಿ ಅನ್ನೋ ಗಿರಾಕಿ ಬರೆದ ಜೇಡಿಮಣ್ಣಿನ ಪತ್ರ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ತಾತ್ಪರ್ಯ ಇಷ್ಟೇ: ಒಳ್ಳೆ ಗಟ್ಟಿ ಕೊಡ್ತೀನಿ ಅಂದು ಕಳಪೆ ಕೊಟ್ಟೆ, ದುಡ್ಡು ತಂದ ನನ್ನ ಆಳನ್ನು ಅವಮಾನ ಮಾಡಿದೆ.

ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಸರಳ ಸಂಗತಿಯನ್ನು 1970ರಲ್ಲಿ ಜಾರ್ಜ್ ಅಕರ್ಲಾಫ್ ಒಂದು ಪುಟ್ಟ ಪ್ರಬಂಧದಲ್ಲಿ ಬಿಡಿಸಿಟ್ಟರು. ಅದಕ್ಕಾಗಿ 2001ರಲ್ಲಿ ನೊಬೆಲ್ ಬಂತು. ಅವರ ಉದಾಹರಣೆ ಹಳೇ ಕಾರುಗಳದ್ದು. ಯಾವ ಹಳೇ ಕಾರು ಒಳ್ಳೆಯದು, ಯಾವುದು ಡಬ್ಬಾ ಅಂತ ಕೊಳ್ಳುವವನಿಗೆ ತಿಳಿಯಲ್ಲ. ಅದಕ್ಕೆ ಅವನು ಎರಡರ ನಡುವಿನ ಬೆಲೆ ಕೊಡೋಕೆ ಮಾತ್ರ ತಯಾರು. ಆ ಬೆಲೆಗೆ ಒಳ್ಳೆ ಕಾರಿನ ಮಾಲೀಕ ಮಾರಲ್ಲ. ಕೊನೆಗೆ ಸಂತೆಯಲ್ಲಿ ಉಳಿಯೋದು ಡಬ್ಬಾಗಳೇ. ಶೋರೂಂ ಬಾಗಿಲು ದಾಟಿದ ಕೂಡಲೇ ಹೊಸ ಕಾರಿನ ಬೆಲೆ ಇಳಿಯೋದಕ್ಕೆ ಇದೂ ಒಂದು ಕಾರಣ. 'ಇಷ್ಟು ಬೇಗ ಯಾಕೆ ಮಾರ್ತಿದಾನೆ? ಏನೋ ಇರಬೇಕು' ಅನ್ನೋ ಅನುಮಾನಕ್ಕೆ ಕಟ್ಟುವ ಬೆಲೆ ಅದು. ಅಂದಹಾಗೆ, ಅದೇ ಪ್ರಬಂಧದಲ್ಲಿ ಭಾರತದ ಸಾಲದ ಮಾರುಕಟ್ಟೆಯ ಉದಾಹರಣೆಯೂ ಇದೆ. ಅಕರ್ಲಾಫ್ ಸ್ವಲ್ಪ ಕಾಲ ದೆಹಲಿಯಲ್ಲಿದ್ದರು.

ಇದನ್ನ ತಿರುಗಿಸಿ ನೋಡಿ. ಆ ಅನುಮಾನ ಸುಳ್ಳು ಅಂತ ಪರೀಕ್ಷೆ ಮಾಡಿ ತಿಳಿಯೋಕೆ ಸಾಧ್ಯವಾದರೆ, ಇಳಿದ ಬೆಲೆ ಕೊಳ್ಳುವವನ ಲಾಭ. ಗಲ್ಫ್‌ನಲ್ಲಿ ಬೇಗ ಮಾರೋಕೆ ಒಂದು ಸರಳ ಕಾರಣ ಯಾವಾಗಲೂ ಇರುತ್ತೆ: ಮಾಲೀಕನ ಕೆಲಸದ ಒಪ್ಪಂದ ಮುಗೀತು, ಊರಿಗೆ ಹೊರಟ. ದೋಣಿಯಲ್ಲಿ ದೋಷ ಇರಲೇಬೇಕು ಅಂತಿಲ್ಲ. ದೋಷ ಇದ್ದದ್ದು ಕ್ಯಾಲೆಂಡರಿನಲ್ಲಿ.

ಅಚ್ಚಿನ ದೋಣಿ

ಪರೀಕ್ಷೆ ಸುಲಭ ಆಗಿದ್ದು ಫೈಬರ್‌ಗ್ಲಾಸ್ ಬಂದ ಮೇಲೆ. 1950ರ ದಶಕದವರೆಗೆ ಯಾಟ್‌ಗಳೂ ನಮ್ಮ ಮಂಜಿಗಳ ಥರ ಒಂದೊಂದಾಗಿ ಮರದಲ್ಲಿ ಕಟ್ಟಿದವೇ. 1956ರಲ್ಲಿ ಅಮೆರಿಕದ ಫಿಲಿಪ್ ರೋಡ್ಸ್ ವಿನ್ಯಾಸದ ಬೌಂಟಿ 2 ಅಚ್ಚಿನಿಂದ ಬಂದ ಮೊದಲ ದೊಡ್ಡ ಹಾಯಿದೋಣಿಗಳಲ್ಲೊಂದು. 1959ರ ನ್ಯೂಯಾರ್ಕ್ ಬೋಟ್ ಶೋನಲ್ಲಿ ರೋಡ್ ಐಲೆಂಡಿನ ಪಿಯರ್‌ಸನ್ ಸೋದರ ಸಂಬಂಧಿಗಳು 'ಟ್ರೈಟನ್' ಅನ್ನೋ 28 ಅಡಿಯ ದೋಣಿ ತೋರಿಸಿದರು. ಬೆಲೆ ಹತ್ತು ಸಾವಿರ ಡಾಲರಿಗಿಂತ ಕಮ್ಮಿ. ಮಧ್ಯಮ ವರ್ಗದವರು ಮುಗಿಬಿದ್ದರು, 700ಕ್ಕೂ ಹೆಚ್ಚು ತಯಾರಾದವು. ಫೈಬರ್‌ಗ್ಲಾಸ್ ಎಷ್ಟು ಕಾಲ ಬರುತ್ತೆ ಅಂತ ಆಗ ಯಾರಿಗೂ ಖಚಿತ ಇರಲಿಲ್ಲ. ಅದಕ್ಕೆ ಒಡಲನ್ನು ಬೇಕಾದ್ದಕ್ಕಿಂತ ದಪ್ಪ ಮಾಡಿದರು. ಅವುಗಳಲ್ಲಿ ಎಷ್ಟೋ ದೋಣಿಗಳು ಇವತ್ತೂ ಓಡ್ತಿವೆ. ಫ್ರಾನ್ಸಿನಲ್ಲಿ 1884ರಿಂದ ಮೀನುಗಾರರಿಗೆ ಮರದ ದೋಣಿ ಕಟ್ಟಿಕೊಡ್ತಿದ್ದ ಬೆನೆಟೊ ಕೂಡ ಇದೇ ದಾರಿಗೆ ಬಂದು ಜಗತ್ತಿನ ದೊಡ್ಡ ಯಾಟ್ ತಯಾರಕರಲ್ಲಿ ಒಂದಾಯ್ತು.

ಒಂದೇ ಅಚ್ಚಿನ ನೂರಾರು ದೋಣಿ ಅಂದ್ರೆ ನನ್ನಂಥವನಿಗೆ ಹಬ್ಬ. ಗಲ್ಲಾಫ್‌ನ ದೋಣಿ ಒಂದೇ ಒಂದು ಸ್ಯಾಂಪಲ್. ಅಚ್ಚಿನ ದೋಣಿಗೆ ನೂರಾರು ಅಣ್ಣತಮ್ಮಂದಿರು. ಯಾವ ವಯಸ್ಸಿಗೆ ಯಾವ ಭಾಗ ಕೈಕೊಡುತ್ತೆ, ಎಷ್ಟಕ್ಕೆ ಮಾರಾಟ ಆಗ್ತಿದೆ, ಎಲ್ಲ ಹೋಲಿಸಿ ನೋಡಬಹುದು. ಇನ್ನೊಂದು ಗಮನಿಸಬೇಕಾದ್ದು: ಹೊಸ ದೋಣಿ ಅಂದ್ರೆ ದೋಷ ಇಲ್ಲದ ದೋಣಿ ಅಲ್ಲ. ಸಡಿಲ ಪೈಪು, ತಪ್ಪಾಗಿ ಕಟ್ಟಿದ ವಯರು, ಸೋರುವ ಕಿಟಕಿ, ಇವೆಲ್ಲ ಹೊರಬರೋದು ಮೊದಲ ಒಂದೆರಡು ವರ್ಷದಲ್ಲೇ. ನಮ್ಮ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಬಾತ್‌ಟಬ್ ಕರ್ವ್ ಅಂತ ಹೇಳಿಕೊಡ್ತಿದ್ರಲ್ಲ, ಅದೇ. ಮೊದಲು ಕೆಡೋದು ಜಾಸ್ತಿ, ಮಧ್ಯೆ ಕಮ್ಮಿ, ಕೊನೆಗೆ ಮತ್ತೆ ಜಾಸ್ತಿ. ಮೂರು ವರ್ಷದ ದೋಣಿಯ ಮೊದಲ ಮಾಲೀಕ ಆ ಮೊದಲ ಏರನ್ನು ತನ್ನ ಸಮಯ, ತನ್ನ ದುಡ್ಡಿನಲ್ಲಿ ದಾಟಿಸಿಕೊಟ್ಟಿರ್ತಾನೆ.

ಹಾಗಂತ ಇಲ್ಲಿಯ ಕಡಲು ಸುಮ್ಮನೆ ಬಿಡಲ್ಲ. ಸರಾಸರಿ 35 ಮೀಟರ್ ಆಳದ ಬಿಸಿನೀರಿನ ಬಟ್ಟಲು ಇದು. ಮಹಾಸಾಗರಕ್ಕಿಂತ ಉಪ್ಪು ಜಾಸ್ತಿ, ಬೇಸಿಗೆಯಲ್ಲಿ ನೀರೇ 32 ಡಿಗ್ರಿ ದಾಟುತ್ತೆ. ಬಿಸಿಲಿಗೆ ಹಾಯಿಯ ಹೊಲಿಗೆ, ಕಿಟಕಿಯ ರಬ್ಬರು ಬೇಗ ಸುಟ್ಟುಹೋಗ್ತವೆ. ತಳದಲ್ಲಿ ಪಾಚಿ, ಚಿಪ್ಪು ಬಲು ಬೇಗ ಹಿಡಿಯುತ್ತೆ. ಯುರೋಪಿನ ಮೂರು ವರ್ಷ, ಬಹ್ರೈನಿನ ಮೂರು ವರ್ಷ ಒಂದೇ ಅಲ್ಲ. ಹಾಗಾಗಿ ಇಲ್ಲಿ ಹಳೇ ದೋಣಿ ಕೊಳ್ಳೋರು ಅದನ್ನು ನೀರಿಂದ ಮೇಲೆತ್ತಿಸಲೇಬೇಕು. ಒಡಲಿನ ತೇವ ಅಳೆಯಬೇಕು, ಕೀಲ್ ಕೂಡಿದ ಜಾಗದಲ್ಲಿ ಬಿರುಕು ಇದೆಯಾ ಅಂತ ನೋಡಬೇಕು. ಮಾಸ್ಟ್ ಹಿಡಿದಿರುವ ಉಕ್ಕಿನ ತಂತಿ, ಎಂಜಿನ್ ಗಂಟೆ, ಹಾಯಿಯ ಅಂಚು, ಎಲ್ಲದರ ದಾಖಲೆ ಕೇಳಬೇಕು. ರಸೀದಿಗಳ ಫೈಲ್ ಇಲ್ಲದ ಮಾಲೀಕನ ಹತ್ತಿರ ಬೆಲೆ ಮಾತಾಡೋಕೂ ಹೋಗಬೇಡಿ.

ಸಾಲದ ಪುಸ್ತಕ

ಇಷ್ಟೂ ಲೆಕ್ಕ ಆದ ಮೇಲೂ ಹಾಜಿಯ ಪ್ರಶ್ನೆ ಹಾಗೇ ನಿಂತಿತ್ತು.

ಮುತ್ತಿನ ಕಾಲದಲ್ಲಿ ದೋಣಿ ಹೊರಡೋದೇ ಸಾಲದ ಮೇಲೆ. ವ್ಯಾಪಾರಿ ನಾಖುದಾನಿಗೆ ಮುಂಗಡ ಕೊಡ್ತಿದ್ದ. ನಾಖುದಾ ಅದರಲ್ಲಿ ದೋಣಿ ದುರಸ್ತಿ ಮಾಡಿಸಿ, ಭಾರತದಿಂದ ಬಂದ ಅಕ್ಕಿ ಕೊಂಡು, ಮುಳುಗುಗಾರರಿಗೆ ಮುಂಗಡ ಹಂಚ್ತಿದ್ದ. ಎಲ್ಲ ರೂಪಾಯಿಯಲ್ಲೇ. ಆಗ ಗಲ್ಫ್‌ನ ಹಣ ನಮ್ಮ ರೂಪಾಯಿ. 1965ರಲ್ಲಿ ಹತ್ತು ರೂಪಾಯಿಗೆ ಒಂದರಂತೆ ದಿನಾರ್ ಬಂತು, ಆದ್ರೂ ಇಲ್ಲಿಯ ಜನ ಇವತ್ತಿಗೂ 100 ಫಿಲ್ಸ್‌ಗೆ 'ರುಬ್ಬಿಯ' ಅಂತಾರೆ. ಬಡ್ಡಿ ಧರ್ಮಕ್ಕೆ ವಿರೋಧ, ಹಾಗಾಗಿ ಕಾಗದದ ಮೇಲೆ ಇಲ್ಲ. ಅಕ್ಕಿಯ ಹೆಚ್ಚಿನ ಬೆಲೆಯಲ್ಲಿ, ಮುತ್ತಿಗೆ ಕೊಡುವ ಕಮ್ಮಿ ದರದಲ್ಲಿ ಅದು ಅಡಗಿ ಕೂತಿರ್ತಿತ್ತು. ಋತು ಮುಗಿದ ಮೇಲೆ ಖರ್ಚು ಕಳೆದು ಪಾಲು. ದೋಣಿಗೂ ಒಂದು ಪಾಲು. ಉಳಿದದ್ದರಲ್ಲಿ ಸಾಮಾನ್ಯವಾಗಿ ಮುಳುಗುವವನಿಗೆ ಮೂರು ಪಾಲಾದರೆ ಮೇಲೆ ಹಗ್ಗ ಎಳೆಯುವವನಿಗೆ ಎರಡು. ಪಾಲಿಗಿಂತ ಮುಂಗಡ ದೊಡ್ಡದಾದ್ರೆ ಬಾಕಿ ಮುಂದಿನ ವರ್ಷಕ್ಕೆ. ಸಾಲ ತೀರುವವರೆಗೆ ಮುಳುಗುಗಾರ ಬೇರೆ ದೋಣಿ ಹತ್ತುವ ಹಾಗಿಲ್ಲ. ತೀರದೆ ಸತ್ತರೆ ಮಗನ ತಲೆಗೆ. ಲೆಕ್ಕದ ಪುಸ್ತಕ ನಾಖುದಾನ ಹತ್ತಿರ, ಮುಳುಗುವವನಿಗೆ ಓದು ಬರಹ ಇಲ್ಲ.

ನಾಖುದಾನೂ ಸುಖವಾಗಿರಲಿಲ್ಲ. ಅವನ ಸಾಲದ ಪುಸ್ತಕ ವ್ಯಾಪಾರಿ ಹತ್ತಿರ. ಸಾಲದಲ್ಲಿ ಕಟ್ಟಿಸಿದ ದೋಣಿ ಒಂದು ಬಿರುಗಾಳಿಗೆ ಹೋದ್ರೆ ದೋಣಿ ಮುಳುಗುತ್ತೆ, ಸಾಲ ತೇಲುತ್ತೆ. 1925ರಲ್ಲಿ ಹಾಗೇ ಆಯ್ತು. ಮುತ್ತಿನ ದೋಣಿಗಳು ಕಡಲಲ್ಲಿದ್ದಾಗಲೇ ಬಿದ್ದ ಬಿರುಗಾಳಿಗೆ ಎಷ್ಟೋ ದೋಣಿ, ಎಷ್ಟೋ ಜನ ಹೋದರು. ಗಲ್ಫ್‌ನಲ್ಲಿ ಇವತ್ತೂ ಅದಕ್ಕೆ ಮುಳುಗಿದ ವರ್ಷ ಅಂತಲೇ ಹೆಸರು.

1920ರ ದಶಕದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮೇಜರ್ ಡೇಲಿ, 1926ರಿಂದ ಸಲಹೆಗಾರನಾಗಿ ಬಂದ ಚಾರ್ಲ್ಸ್ ಬೆಲ್‌ಗ್ರೇವ್ ಇವರ ಕಾಲದಲ್ಲಿ ಸುಧಾರಣೆ ಬಂತು. ಪ್ರತಿ ಮುಳುಗುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಕೊಡಬೇಕು ಅಂತಾಯ್ತು. ಕೇಳೋಕೆ ಎಷ್ಟು ಸಣ್ಣ ಸಂಗತಿ! ಒಂದು ಪುಸ್ತಕ. ಆದ್ರೆ ನಾಖುದಾಗಳು ಅದನ್ನು ಬಲವಾಗಿ ವಿರೋಧಿಸಿದರು. ಅಕರ್ಲಾಫ್‌ಗಿಂತ ನಲವತ್ತೈದು ವರ್ಷ ಮೊದಲೇ ಅವರಿಗೆ ಗೊತ್ತಿತ್ತು: ಲೆಕ್ಕ ಯಾರ ಕೈಯಲ್ಲಿದೆಯೋ ಬಲ ಅವರದು.

ಅಷ್ಟರಲ್ಲಿ ಜಪಾನಿನಲ್ಲಿ ಕೋಕಿಚಿ ಮಿಕಿಮೊಟೊ ಬೆಳೆಸಿದ ಮುತ್ತು ಮಾರುಕಟ್ಟೆಗೆ ಬಂದಿತ್ತು. 1929ರ ಆರ್ಥಿಕ ಕುಸಿತ ಅದರ ಮೇಲೆ ಬಿತ್ತು. ಮುತ್ತಿನ ಬೆಲೆ ನೆಲಕಚ್ಚಿತು. 1932ರಲ್ಲಿ ಮುಂಗಡ ಕಮ್ಮಿ ಮಾಡಿದ್ದಕ್ಕೆ ಮುಳುಗುಗಾರರು ಬೀದಿಗಿಳಿದು ಗಲಭೆಯೇ ಆಯ್ತು. ಅದೇ ವರ್ಷ ಜೆಬೆಲ್ ದುಖಾನ್‌ನಲ್ಲಿ ಎಣ್ಣೆ ಸಿಕ್ಕಿತು. ತಿಂಗಳ ಸಂಬಳ ಅನ್ನೋ ಹೊಸ ಪದಾರ್ಥ ದ್ವೀಪಕ್ಕೆ ಬಂತು. 1950ರ ದಶಕದ ಹೊತ್ತಿಗೆ ಮುತ್ತಿಗೆ ಹೋಗುವ ದೋಣಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಹಾಜಿಯ ಅಜ್ಜನ ಕಥೆ ಇಲ್ಲಿ ಸೇರುತ್ತೆ. ಹಾಜಿ ಹೇಳಿದ್ದನ್ನೇ ಹೇಳ್ತೀನಿ. ಬೆಲೆ ಬೀಳುವ ಮೊದಲು ಅವರ ಅಜ್ಜ, ಅಜ್ಜನ ತಮ್ಮ ಇಬ್ಬರಿಗೂ ದೊಡ್ಡ ದೋಣಿ ಬೇಕು ಅನ್ನಿಸಿತ್ತಂತೆ. ತಮ್ಮ ಮುಂಗಡ ತಗೊಂಡು ಹೊಸದು ಕಟ್ಟಿಸಿದ. ಅಜ್ಜ ಕೈಯಲ್ಲಿದ್ದ ದುಡ್ಡಿಗೆ ಒಂದು ಹಳೇ ಜಲ್ಬೂತ್ ಕೊಂಡರು. ತಮ್ಮನ ದೋಣಿ ಚಂದ, ಊರೆಲ್ಲ ನೋಡೋಕೆ ಬಂತಂತೆ. ಮೂರು ನಾಲ್ಕು ವರ್ಷದಲ್ಲಿ ಮುತ್ತಿಗೆ ಬೆಲೆ ಹೋಯ್ತು. ತಮ್ಮ ದೋಣಿ ಬಿಟ್ಟುಕೊಟ್ಟರೂ ಸಾಲ ಮುಗೀಲಿಲ್ಲ, ಮನೆ ಹೋಯ್ತು. ಅಜ್ಜನ ಜಲ್ಬೂತ್ ಮೀನು ಹಿಡಿಯೋಕೆ, ಆಮೇಲೆ ಸಾಮಾನು ಸಾಗಿಸೋಕೆ ಓಡ್ತಾನೇ ಇತ್ತು. "ಹಳೇ ದೋಣಿ ಒಳ್ಳೆಯದು ಅಂತ ಹೇಳ್ತಿಲ್ಲ. ಅದೂ ಸೋರ್ತಿತ್ತು. ಸೋರುವ ದೋಣಿಯಿಂದ ನೀರು ಹೊರಗೆ ಹಾಕಬಹುದು," ಅಂದ್ರು ಹಾಜಿ. ಮುಂದಿನದ್ದು ಹೇಳಲಿಲ್ಲ, ಖರ್ಜೂರದ ತಟ್ಟೆ ನನ್ನ ಕಡೆ ತಳ್ಳಿದರು.

ಕೊನೆಗೆ ಏನಾಯ್ತು

ನಾವು ಹೊಸದಕ್ಕೆ ಸಹಿ ಹಾಕಲಿಲ್ಲ. ಇನ್ನೆರಡು ವಾರ ಯೋಚನೆ ಮಾಡೋಣ ಅಂತ ಮುಂದೂಡಿದ್ವಿ. ಆ ಎರಡು ವಾರದೊಳಗೆ ಗಂಗೊಳ್ಳಿಯ ಗೆಳೆಯನ ಕಂಪನಿ ಅವನ ಒಪ್ಪಂದವನ್ನು ಮುಂದುವರಿಸಲ್ಲ ಅಂತ ಹೇಳಿತು. ಹನ್ನೊಂದು ವರ್ಷ ದುಡಿದಿದ್ದ. ಗಲ್ಫ್‌ನಲ್ಲಿರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಕೆಲಸ ಹೋದ್ರೆ ವೀಸಾ ಹೋಗುತ್ತೆ, ಬ್ಯಾಂಕ್ ಸಾಲ ಬಾಕಿ ಇದ್ರೆ ದೇಶ ಬಿಡೋದೇ ಕಷ್ಟ ಆಗಬಹುದು. ಆ ರಾತ್ರಿ ಅವನ ಮನೆಯ ಬಾಲ್ಕನಿಯಲ್ಲಿ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಸಹಿ ಹಾಕಿದ್ರೆ 147ರಲ್ಲಿ ಮೂರನೇ ಒಂದು ಭಾಗ ಅವನ ಹೆಸರಲ್ಲಿ ಇರ್ತಿತ್ತು. ಸಾಲ ತೀರುವವರೆಗೆ ಬೇರೆ ದೋಣಿ ಹತ್ತುವ ಹಾಗಿಲ್ಲ ಅನ್ನೋ ಮುಳುಗುಗಾರನ ನಿಯಮ ನೂರು ವರ್ಷ ಹಳೆಯದು ಅಂದುಕೊಂಡಿದ್ದೆ.

ಅವನು ಊರಿಗೆ ಹೋದ. ಈಗ ಅಲ್ಲೇ ಬೋಟುಗಳ ಎಂಜಿನ್ ಬಿಡಿಭಾಗದ ಅಂಗಡಿ ಹಾಕುವ ಯೋಚನೆಯಲ್ಲಿದ್ದಾನೆ. ಇರೋ ಉಳಿತಾಯ ಅವನದ್ದೇ, ಯಾರಿಗೂ ಬಾಕಿ ಇಲ್ಲ.

ಉಳಿದ ನಾವಿಬ್ಬರು ಆಮೇಲೆ ಒಂದು ದೋಣಿ ಕೊಂಡ್ವಿ. ಮೊದಲು ನೋಡಿದ್ದಕ್ಕಿಂತ ಎರಡು ಮೀಟರ್ ಚಿಕ್ಕದು, ಐದು ವರ್ಷ ಹಳೆಯದು, ಸಾಲ ಇಲ್ಲ. ಮೇಲೆತ್ತಿಸಿ ನೋಡಿದಾಗ ಚುಕ್ಕಾಣಿಯ ಬುಷ್ ಸವೆದಿತ್ತು, ಎರಡು ಕಿಟಕಿ ಸೋರ್ತಿತ್ತು. ಬೆಲೆಯಲ್ಲಿ ಅಷ್ಟನ್ನು ಕಳೆದರು. ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಯಾವತ್ತು ಎಣ್ಣೆ ಬದಲಾಯ್ತು, ಯಾವತ್ತು ತಳ ಕೆರೆದಿದ್ದು, ಎಷ್ಟು ಖರ್ಚು, ಯಾರು ಕೊಟ್ಟಿದ್ದು, ಎಲ್ಲ ಅದರಲ್ಲಿದೆ. ಒಂದು ದಿನ ಇದನ್ನು ಇನ್ಯಾರಿಗೋ ಮಾರ್ತೀವಲ್ಲ, ಆ ನೋಟ್‌ಬುಕ್ಕನ್ನೂ ಜೊತೆಗೇ ಕೊಡಬೇಕು.

ನಿಮ್ಮಲ್ಲಿ ಯಾರಾದ್ರೂ ಬಹ್ರೈನ್ ಕಡೆ ಬಂದ್ರೆ ಮುಹರ‍್ರಕ್‌ನ ಮುತ್ತಿನ ದಾರಿಯಲ್ಲಿ ಒಂದು ಸಂಜೆ ನಡೆಯಿರಿ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ವ್ಯಾಪಾರಿಯ ಮನೆ, ನಾಖುದಾನ ಮನೆ, ಮುಳುಗುವವನ ಮನೆ, ಹಗ್ಗ ಎಳೆಯುವವನ ಮನೆ ಎಲ್ಲ ಆ ದಾರಿಯಲ್ಲೇ ಇವೆ. ವ್ಯಾಪಾರಿಯ ಮನೆಯ ಕೆತ್ತನೆಯ ಬಾಗಿಲು ಎಲ್ಲರೂ ಫೋಟೋ ತೆಗೀತಾರೆ. ಮುಳುಗುವವನ ಮನೆಯ ಮುಂದೆಯೂ ಐದು ನಿಮಿಷ ನಿಲ್ಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಮನೆಯಲ್ಲಿ ಮಂಜಿ, ಪತೇಮಾರಿ ಓಡಿಸಿದ ಅಜ್ಜಂದಿರು ಇದ್ರೆ, ಅವರ ಲೆಕ್ಕದ ಪುಸ್ತಕ ಅಟ್ಟದಲ್ಲೆಲ್ಲಾದ್ರೂ ಇದ್ರೆ, ದಯವಿಟ್ಟು ಬರೆದು ತಿಳಿಸಿ. ರದ್ದಿಗೆ ಮಾತ್ರ ಹಾಕಬೇಡಿ.